ಟೆಲೆಕ್ಸ್ ಅಕ್ಕ ಮತ್ತು ನಾನು ಕಿತ್ತ ವೈರು

ಹೋದ ತಿಂಗಳು ಹೊಲಿಗೆ ಮಷೀನು ರಿಪೇರಿಯವನು ಮನೆಗೆ ಬಂದಿದ್ದ. ಹಳೆಯ ಮಷೀನಿನ ಹೊಟ್ಟೆ ಬಿಚ್ಚಿ, ಉದ್ದ ಮೂತಿಯ ಡಬ್ಬಿಯಿಂದ ಸಂದುಸಂದಿಗೂ ಎಣ್ಣೆ ಬಿಟ್ಟು ಗಾಲಿ ತಿರುಗಿಸಿದ. ಬೆಚ್ಚಗಾದ ಕಬ್ಬಿಣ, ತೆಳು ಎಣ್ಣೆ, ಅದರೊಳಗೆ ಸೇರಿಕೊಂಡ ಧೂಳು... ಆ ವಾಸನೆ ಮೂಗಿಗೆ ಹೊಡೆದದ್ದೇ ತಡ, ಏನೋ ಕೇಳಲು ಬಂದ ಮನೆಯವರ ಮೇಲೆ ಸುಮ್ಮಸುಮ್ಮನೆ ರೇಗಿಬಿಟ್ಟೆ. ನಿಜವಾಗಿ ರೇಗಿದ್ದು ಅವರ ಮೇಲಲ್ಲ. ಇಪ್ಪತ್ತೈದು ವರ್ಷದ ಹಿಂದಿನ ಒಬ್ಬ ಮ್ಯಾನೇಜರನ ಮೇಲೆ. ಅವನು ಹೇಳಿದಂತೆ ಕೇಳಿದ ಒಬ್ಬ ಹುಡುಗಿಯ ಮೇಲೆ. ಆ ಹುಡುಗಿ ನಾನೇ.

ಚಾಮರಾಜನಗರ ಜಿಲ್ಲೆಯಾದ ಹೊಸತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದ ನನಗೆ ಕರಿಕಲ್ಲು ರಫ್ತು ಮಾಡುವ ಒಂದು ಖಾಸಗಿ ಕಂಪನಿಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಆಫೀಸು ಚಾಮರಾಜನಗರದಲ್ಲಿ. ಕಲ್ಲು ಕೊಯ್ದು ಪಾಲಿಶ್ ಮಾಡಿ ಲಾರಿಗೆ ತುಂಬುವ ಯಾರ್ಡು ಗುಂಡ್ಲುಪೇಟೆಯಲ್ಲಿ. ಆಫೀಸಿನ ಹಿಂದಿನ ಕೋಣೆಯಲ್ಲಿ ಅದೇ ಬಿಸಿ ಕಬ್ಬಿಣ, ಎಣ್ಣೆಯ ವಾಸನೆಯ ಒಂದು ಟೆಲೆಕ್ಸ್ ಯಂತ್ರ, ಅದರ ಮುಂದೆ ಅಕ್ಕ. ಅವರನ್ನು ಎಲ್ಲರೂ ಟೆಲೆಕ್ಸ್ ಅಕ್ಕ ಅಂತಲೇ ಕರೆಯುತ್ತಿದ್ದರು. ನಲವತ್ತರ ಹತ್ತಿರದ ವಯಸ್ಸು. ಪುಣಜನೂರಿನಿಂದ ದಿನಾ ಮೊದಲ ಬಸ್ಸಿಗೆ ಬಂದು, ಗುಡಿಸುವವರಿಗಿಂತ ಮುಂಚೆ ಬಾಗಿಲಲ್ಲಿ ನಿಂತಿರುತ್ತಿದ್ದರು.

ಟೆಲೆಕ್ಸ್ ನೋಡದವರಿಗೆ ಒಂದು ಮಾತು. ಇಲ್ಲಿ ಕೀಲಿ ಒತ್ತಿದರೆ ದೂರದ ಇಟಲಿಯಲ್ಲೋ ಜಪಾನಿನಲ್ಲೋ ಇರುವ ಅಂಥದೇ ಯಂತ್ರದ ಕಾಗದದ ಮೇಲೆ ಅಕ್ಷರ ಬೀಳುತ್ತಿತ್ತು. ಯಂತ್ರದ ಪಕ್ಕದಿಂದ ಬೆರಳಗಲದ ಕಾಗದದ ಪಟ್ಟಿಯೂ ತೂತು ಬಿದ್ದು ಹೊರಬರುತ್ತಿತ್ತು. ಒಂದು ಅಕ್ಷರಕ್ಕೆ ಐದು ತೂತಿನ ಜಾಗ. ಯಾವುದು ತೂತು, ಯಾವುದು ಖಾಲಿ ಅನ್ನುವುದರ ಮೇಲೆ ಅಕ್ಷರ. ಬರುವ ಸುದ್ದಿ, ಹೋಗುವ ಸುದ್ದಿ ಎರಡನ್ನೂ ಅಕ್ಕ ಪಟ್ಟಿಯಲ್ಲಿ ತೆಗೆದು, ಎಡಗೈ ತೋರುಬೆರಳಿನಲ್ಲಿ ಸವರುತ್ತಾ ಕೂರುತ್ತಿದ್ದರು. ಯಾರಾದರೂ ಬರೆದ ಚೀಟಿ ತಂದರೆ, "ನೀವೇ ಓದಿ ಸಾರ್, ಕೇಳ್ಕಂಡು ಒಡೀತೀನಿ, ಬಿರ್‍ನೆ ಆಯ್ತದೆ" ಅನ್ನುತ್ತಿದ್ದರು. ಬೇಗ ಆಗಲಿ ಅಂತ ಹೀಗೆ ಮಾಡುತ್ತಾರೆ ಎಂದು ನಾವೆಲ್ಲ ನಂಬಿದ್ದೆವು.

ಒಂದು ಮಧ್ಯಾಹ್ನ ನಾನು ನನ್ನ ಟೂಲ್ ಬಾಕ್ಸನ್ನು ಅವರ ದಾರಿಯಲ್ಲೇ ಬಿಟ್ಟು ಹೋಗಿದ್ದೆ. ಅಷ್ಟು ನಿಚ್ಚಳ ಬೆಳಕಿನಲ್ಲೂ ಅಕ್ಕ ಅದಕ್ಕೆ ಎಡವಿ ಬಿದ್ದರು. ಎಬ್ಬಿಸಿ ಕೂರಿಸಿದಾಗ ಅವರು ನನ್ನ ಮುಖದ ಕಡೆಗಲ್ಲ, ನನ್ನ ಕಿವಿಯ ಪಕ್ಕದ ಗೋಡೆಯ ಕಡೆಗೆ ತಿರುಗಿ ಮಾತಾಡಿದರು. ಕಣ್ಣು ಕಾಣುವುದಿಲ್ಲವೇ ಅಕ್ಕ, ಎಂದೆ.

"ಆರು ವರ್ಸದಿಂದ ಇಂಗೇ ಕಣಮ್ಮಿ. ಮೊದ್ಲು ಸಂಜೆ ಆದ್ರೆ ಕಾಣ್ತಿರ್ನಿಲ್ಲ. ಈಗ ಅಗಲೂ ಅಷ್ಟೆ. ಮೈಸೂರ್ ಡಾಕ್ಟ್ರು ಕೈ ಚೆಲ್ಬುಟ್ರು. ಯಾರ್ಗೂ ಯೋಳ್ಬ್ಯಾಡ. ಯೋಳುದ್ರೆ ನಾಳೀಕೇ ಮನೇಗ್ ಕಳಿಸ್ಬುಡ್ತಾರೆ."

ಹೇಳುವುದಿಲ್ಲ ಅಂದೆ. ಆರು ವರ್ಷ ಕಣ್ಣಿಲ್ಲದೆ, ಬೆರಳ ತುದಿಯಲ್ಲಿ ಐದೈದು ತೂತು ಓದಿಕೊಂಡು, ಕಡಲಾಚೆಯ ವ್ಯಾಪಾರವನ್ನೆಲ್ಲ ಆಕೆ ನಡೆಸಿಕೊಟ್ಟಿದ್ದರು!

ಅದಾದ ಕೆಲವೇ ತಿಂಗಳಿಗೆ ಟೆಲೆಕ್ಸ್ ಲೈನ್ ಬಿಟ್ಟುಕೊಟ್ಟು ಎಲ್ಲ ಇ-ಮೇಲ್‌ನಲ್ಲೇ ನಡೆಸುವುದೆಂದು ಕಂಪನಿ ತೀರ್ಮಾನಿಸಿತು. ಅಕ್ಕನೂ ಕಂಪ್ಯೂಟರ್ ಕಲಿಯಲಿ ಎಂದರು. ಅಕ್ಕ ನನ್ನ ಮೇಜಿಗೆ ಬಂದು ಮಾನಿಟರಿನ ಗಾಜನ್ನು ಮೇಲಿಂದ ಕೆಳಗೆ ಸವರಿ ನೋಡಿದರು.

"ನುಣ್ಣಗದೆ ಕಣಮ್ಮಿ. ಇದ್ರಲ್ಲಿ ಏನಂತ ಓದ್ಲಿ?"

ಆ ಮಾತು ನನ್ನನ್ನು ಕೂರಲು ಬಿಡಲಿಲ್ಲ. ಲೈನ್ ಹೋದರೂ ಯಂತ್ರ ಕಂಪನಿಯದೇ, ಅಲ್ಲೇ ಉಳಿದಿತ್ತು. ಕಂಪ್ಯೂಟರಿಗೆ ಬಂದ ಇ-ಮೇಲನ್ನು ಆ ಯಂತ್ರಕ್ಕೆ ಕಳಿಸಿದರೆ? ಆದರೆ ಎರಡರ ಭಾಷೆ ಬೇರೆ, ವೇಗ ಬೇರೆ, ಬೇಕಾದ ಕರೆಂಟೂ ಬೇರೆ. ಮೈಸೂರಿನ ರೇಡಿಯೊ ಅಂಗಡಿಯಿಂದ ರಿಲೇ, ಟ್ರಾನ್ಸ್‌ಫಾರ್ಮರ್ ತಂದು ಒಂದು ತಗಡಿನ ಡಬ್ಬದೊಳಗೆ ಕೂರಿಸಿದೆ. ಡಬ್ಬದಿಂದ ಒಂದು ವೈರು ಕಂಪ್ಯೂಟರಿನ ಬೆನ್ನಿಗೆ, ಇನ್ನೊಂದು ಟೆಲೆಕ್ಸಿಗೆ. ಕಂಪ್ಯೂಟರಿನ ಅಕ್ಷರವನ್ನು ಐದು ತೂತಿನ ಅಕ್ಷರವಾಗಿ ಬದಲಿಸುವ ಪ್ರೋಗ್ರಾಮನ್ನೂ ಬರೆದೆ. ಮೊದಲ ಸಲ ಸ್ವಿಚ್ ಹಾಕಿದಾಗ ಯಂತ್ರ ಒಂದೇ ಸಮನೆ ಬಡಿದುಕೊಳ್ಳತೊಡಗಿತು.

"ಲೈನ್ ಕಡ್ದೋದಾಗ ಇಂಗೇ ಬಡ್ಕತಿತ್ತು. ಎಲ್ಲೋ ಬುಟ್ಕಂಡದೆ ನೋಡಮ್ಮಿ" ಎಂದರು ಅಕ್ಕ, ಶಬ್ದ ಕೇಳಿಯೇ. ಬೆಸುಗೆ ಬಿಟ್ಟಿತ್ತು.

ಸರಿ ಮಾಡಿದ ಮೇಲೆ ಅಕ್ಷರ ಬಂತು, ಅಂಕಿ ಬರಲಿಲ್ಲ. ಸಾವಿರದ ಇನ್ನೂರು ಬರಬೇಕಾದಲ್ಲಿ ಕ್ಯು, ಡಬ್ಲ್ಯು, ಪಿ, ಪಿ. ಅಕ್ಕ ಪಟ್ಟಿ ಸವರಿ ನಕ್ಕರು. ಅಕ್ಷರಕ್ಕೂ ಅಂಕಿಗೂ ತೂತು ಒಂದೇ, ಮುಂದೆ ಬರುವುದು ಅಂಕಿ ಅಂತ ಹೇಳುವ ಇನ್ನೊಂದು ತೂತಿನ ಸಾಲು ಮೊದಲು ಬೀಳಬೇಕು. ನನ್ನ ಯಾವ ಪುಸ್ತಕದಲ್ಲೂ ಇಲ್ಲದ್ದನ್ನು ಅವರು ಬೆರಳು ಮಡಚಿ ಎಣಿಸಿ ಹೇಳಿಕೊಟ್ಟರು. ಆ ಪ್ರೋಗ್ರಾಮಿನಲ್ಲಿ ಅರ್ಧ ಅವರದೇ.

ರಜೆಯ ದಿನವೇ ಬಂದು ಕೂತು ಮಾಡುತ್ತಿದ್ದೆವು; ಮೂರನೆಯ ಭಾನುವಾರ ಅದು ನಡೆಯಿತು. ಮೋಡೆಮ್ಮು ಕಿರುಚಿ ಫೋನ್ ಲೈನಿನಲ್ಲಿ ಮೈಸೂರಿನ ಇಂಟರ್ನೆಟ್ಟಿಗೆ ಕೂಡಿಕೊಂಡಿತು, ಇಟಲಿಯ ಕಾಗದ ಇಳಿಯಿತು, ಹಿಂದಿನ ಕೋಣೆಯಲ್ಲಿ ಟೆಲೆಕ್ಸು ಕಟಕಟ ಎಂದಿತು. ಅಕ್ಕ ಪಟ್ಟಿ ಹಿಡಿದು ಕಲ್ಲಿನ ಉದ್ದ, ಅಗಲ, ದಪ್ಪ ಎಲ್ಲವನ್ನೂ ಗಟ್ಟಿಯಾಗಿ ಓದಿದರು. ಉತ್ತರವನ್ನು ಟೆಲೆಕ್ಸಿನ ಕೀಲಿಯಲ್ಲೇ ಹೊಡೆದರು. ಅದು ಇ-ಮೇಲ್ ಆಗಿ ಹೊರಟಿತು. ಆ ದಿನ ನಾವಿಬ್ಬರೂ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು.

ಹತ್ತು ತಿಂಗಳು ಹಾಗೆ ನಡೆಯಿತು. ಕೈ ಪಳಗಿದ ಯಂತ್ರವೇ ಅಕ್ಕನಿಗೆ ಸಲೀಸು ಎಂದಷ್ಟೇ ಉಳಿದವರಿಗೆ ಹೇಳಿದ್ದೆ. ಒಮ್ಮೆ ಗುಂಡ್ಲುಪೇಟೆ ಯಾರ್ಡಿನಲ್ಲಿ ಲಾರಿಗಳು ತುಂಬಿ ನಿಂತಿದ್ದಾಗ, ಕಲ್ಲಿನ ದಪ್ಪ ಬದಲಾಗಿದೆ ಎಂಬ ಇ-ಮೇಲ್ ಬಂತು. ಉಳಿದವರು ಮಾನಿಟರ್ ನೋಡುವುದು ಊಟವಾದ ಮೇಲೆ. ಅಕ್ಕ ಪಟ್ಟಿ ಸವರಿದವರೇ ಯಾರ್ಡಿಗೆ ಫೋನು ಮಾಡಿ, ಲಾರಿ ಬಿಡಬೇಡಿ ಎಂದು ಕೂಗಿದರು. ಕಂಪನಿ ಉಳಿಯಿತು. ಯಾರೂ ಒಂದು ಒಳ್ಳೆ ಮಾತಾಡಲಿಲ್ಲ.

ಆಮೇಲೆ ಬಂದ ಹೊಸ ಮ್ಯಾನೇಜರ್. ಅವನನ್ನು ಬಹುವಚನದಲ್ಲಿ ಬರೆಯಲು ಇವತ್ತಿಗೂ ನನ್ನ ಕೈ ಏಳುವುದಿಲ್ಲ. ನಮ್ಮ ಕಲ್ಲು ಕೊಳ್ಳುವ ವಿದೇಶದವರು ಆಫೀಸು ನೋಡಲು ಬರುವವರಿದ್ದರು. ಅವನು ಕೋಣೆ ಕೋಣೆ ಸುತ್ತುತ್ತಾ ಟೆಲೆಕ್ಸಿನ ಮುಂದೆ ನಿಂತ. ಅಕ್ಕ ಊಟಕ್ಕೆ ಹೋಗಿದ್ದರು. "ಈ ಗುಜರಿ ಯಾಕೆ ಇನ್ನೂ ಇಲ್ಲಿದೆ?" ಎಂದ.

ನಾನು ಉಬ್ಬಿಹೋದೆ. ನನ್ನ ಡಬ್ಬ ತೋರಿಸಿದೆ, ಪ್ರೋಗ್ರಾಮು ತೋರಿಸಿದೆ. ಹೊಗಳುತ್ತಾನೆ ಅಂದುಕೊಂಡು ಬಾಯಿಬಿಟ್ಟೆ: "ಅಕ್ಕ ಬೆರಳಲ್ಲೇ ಓದ್ತಾರೆ ಸಾರ್, ಕಣ್ಣೇ ಬೇಕಿಲ್ಲ."

"ಕಣ್ಣೇ ಬೇಕಿಲ್ಲ ಅಂದ್ರೆ?"

ನಾಲಗೆ ಕಚ್ಚಿಕೊಂಡೆ. ಅಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿತ್ತು.

ಮಾರನೆಯ ದಿನ ಬೆಳಿಗ್ಗೆ ಎಲ್ಲರನ್ನೂ ಕರೆದು ನಿಲ್ಲಿಸಿದ. ಅಕ್ಕನನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ಓದಿ ಎಂದ. ಕೊಠಡಿಯೊಳಗೆ ಕರೆದು ಕೇಳಬಹುದಿತ್ತು. ಕೇಳಲಿಲ್ಲ. ಹದಿನೈದು ಜನರ ಎದುರು ಆ ಹೆಂಗಸನ್ನು ಬೆಳಗುವ ಗಾಜಿನ ಮುಂದೆ ಕೂರಿಸಿ ಕೈಕಟ್ಟಿ ನಿಂತ. ಅಕ್ಕ ಅವನ ದನಿ ಬಂದ ಕಡೆಗೆ ತಿರುಗಿದರು.

"ಕಾಣಲ್ಲ ಸಾರ್. ಆದ್ರೆ ಇಷ್ಟು ವರ್ಸದಲ್ಲಿ ನಾನ್ ಒಂದ್ ಅಕ್ಸರ ತಪ್ಪು ಮಾಡಿದ್ರೆ ತೋರ್‍ಸಿ."

ಅವನು ಯಾಕೆ ತೋರಿಸುತ್ತಾನೆ? ಇದ್ದರೆ ತಾನೆ! "ಮೋಸ ಮಾಡಿ ಕೆಲಸದಲ್ಲಿದ್ದೀರಿ" ಎಂದ. ಮೋಸ! ಆಮೇಲೆ ನನ್ನ ಕಡೆ ತಿರುಗಿ, "ಆ ವೈರು ಕಿತ್ತು ಹಾಕಮ್ಮ" ಎಂದ.

"ಸರಿ ಸಾರ್" ಅಂದೆ.

ಅಷ್ಟೇ ಅಂದದ್ದು ನಾನು. ನನ್ನ ಎರಡು ಕಾಲಲ್ಲಿ ನಡೆದು ಹೋಗಿ, ನನ್ನ ಕೈಯಲ್ಲೇ ಬೆಸೆದಿದ್ದ ವೈರನ್ನು ಎಳೆದೆ. ಟೆಲೆಕ್ಸು ಹುಚ್ಚು ಹಿಡಿದಂತೆ ಬಡಿದುಕೊಂಡಿತು. ಸ್ವಿಚ್ ಆರಿಸಿದೆ. ಅಕ್ಕ ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದರು. ಪಾಪದ ಹೆಂಗಸು ಕ್ಷಮಿಸಿಬಿಟ್ಟಳು ಅಂತ ಬರೆದರೆ ನನಗೆ ಹಗುರವಾದೀತು. ಅವರು ಕ್ಷಮಿಸಲಿಲ್ಲ.

"ಅವ್ನು ಒರಗಿನವ್ನು. ನಿಂಗೆ ಬಾಯಿ ಇರ್ನಿಲ್ವಾ ಕಣಮ್ಮಿ?" ಎಂದರು. ಊಟದ ಡಬ್ಬಿ ಎತ್ತಿಕೊಂಡು, ಗೋಡೆ ಮುಟ್ಟುತ್ತಾ ಹೊರಟುಹೋದರು. ಬಸ್‌ಸ್ಟ್ಯಾಂಡಿನವರೆಗೂ ಯಾರೂ ಕೈ ಹಿಡಿದು ಕರೆದುಕೊಂಡು ಹೋಗಲಿಲ್ಲ. ನಾನೂ ಹೋಗಲಿಲ್ಲ.

ಟೆಲೆಕ್ಸನ್ನು ಗುಜರಿಯವನು ಒಯ್ದ. ವಿದೇಶದವರು ಬಂದರು, ಹೊಸ ಕಂಪ್ಯೂಟರ್ ನೋಡಿ ಮೆಚ್ಚಿದರು. ಮ್ಯಾನೇಜರನಿಗೆ ಏನೂ ಆಗಲಿಲ್ಲ. ಅವನು ಕಂಪನಿಯನ್ನು ಹೊಸ ಕಾಲಕ್ಕೆ ತಂದವನೆಂದು ಹಾರ ಹಾಕಿಸಿಕೊಂಡ. ಚಪ್ಪಾಳೆ ತಟ್ಟಿದವರಲ್ಲಿ ನಾನೂ ಇದ್ದೆ.

ಒಂದೂವರೆ ವರ್ಷದ ಮೇಲೆ ಯಾರ್ಡಿನ ಕಂಪ್ಯೂಟರ್ ಕೆಟ್ಟು ಗುಂಡ್ಲುಪೇಟೆಗೆ ಹೋಗಿದ್ದೆ. ಕೆಲಸ ಮುಗಿಸಿ, ಊಟಿ ರಸ್ತೆಯ ಒಂದು ಎಸ್‌ಟಿಡಿ ಬೂತಿಗೆ ನುಗ್ಗಿ, ಕೂತವರ ಮುಖವನ್ನೂ ನೋಡದೆ ಮ್ಯಾನೇಜರನಿಗೆ ಫೋನು ಮಾಡಿ, ಅವನು ಹೇಳಿದ್ದಕ್ಕೆಲ್ಲ 'ಸರಿ ಸಾರ್' ಅಂದೆ. ಇಟ್ಟು ಈಚೆ ತಿರುಗಿದರೆ ಅಕ್ಕ! ಅಂಗವಿಕಲರಿಗೆಂದು ಕೊಟ್ಟ ಬೂತು ಅದು. ಓಡಿಹೋಗೋಣ ಅನ್ನಿಸಿತು. ಫೋನಿನಲ್ಲಿ ಮಾತಾಡಿಯಾಗಿತ್ತಲ್ಲ, ದನಿಯಿಂದಲೇ ಅವರಿಗೆ ಗೊತ್ತಾಗಿತ್ತು.

"ಈಗ್ಲೂ 'ಸರಿ ಸಾರ್' ಏನಾ ಕಣಮ್ಮಿ?"

ಅಷ್ಟರಲ್ಲಿ ಸುಲ್ತಾನ್ ಬತ್ತೇರಿಗೆ ಹೋಗುವ ಲಾರಿಯವನೊಬ್ಬ ಒಳಗೆ ಬಂದ. ಅಕ್ಕ ಅವನ ಕಡೆ ತಿರುಗಿ ಮಲಯಾಳದಲ್ಲಿ ನಂಬರ್ ಕೇಳಿದರು. ನಾನು ಹೊರಗೆ ಬಂದೆ. ಅವನು ಹೋಗುವವರೆಗೆ ಕಾಯಬಹುದಿತ್ತು... ಕಾಯಲಿಲ್ಲ. ಮುಂದಿನ ತಿಂಗಳು ಆ ಕೆಲಸ ಬಿಟ್ಟೆ. ಅದನ್ನು ದೊಡ್ಡಸ್ತಿಕೆ ಅಂತ ಹೇಳಿಕೊಳ್ಳಲಾರೆ. ಬೇರೆ ಕಡೆ ಒಳ್ಳೆ ಕೆಲಸ ಸಿಕ್ಕಿತ್ತು.

ಹೊಲಿಗೆ ಮಷೀನು ರಿಪೇರಿಯಾದ ವಾರಕ್ಕೆ ಗುಂಡ್ಲುಪೇಟೆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಿದ್ದೆ. ಬೂತಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಗಲ್ಲಾದ ಹಿಂದೆ ಮೂವತ್ತರ ಆಸುಪಾಸಿನ ಒಬ್ಬಾತ.

"ಆ ಬೂತಮ್ಮನಾ? ಅವ್ರು ತೀರೋಗಿ ಮೂರ್ ವರ್ಸ ಆಯ್ತಲ್ಲ ಮೇಡಂ. ನೀವು ಅವ್ರಿಗೆ ಏನಾಗ್ಬೇಕು?"

ನಾದಿನಿ, ನೆಂಟರು, ಪರಿಚಯದವರು ಎಂದು ಏನಾದರೂ ಹೇಳಿ ಬರಬಹುದಿತ್ತು.

"ಅವರ ಕೆಲಸ ಕಳೆದವಳು" ಅಂದೆ.

ಅವನು ನನ್ನ ಮುಖವನ್ನೇ ನೋಡಿದ. ಒಂದು ಸ್ಟೂಲ್ ಎಳೆದು ಕೂತ್ಕಳಿ ಎಂದ. ನಾನು ಕೂರಲಿಲ್ಲ.