ಗುತ್ತೆಪ್ಪ ಓದಿದ ಚೀಟಿ

ಕಣವಿಕೊಪ್ಪದ ಕೆಳಗಿನ ಕೇರಿಗೆ ೧೯೩೭ರಲ್ಲಿ ಎರಡು ಓಟು ಇದ್ದವು. ಒಂದು ಅಕ್ಷರದ್ದು, ಇನ್ನೊಂದು ಕೋಲಿನದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆಗ ಎಲ್ಲರಿಗೂ ಓಟು ಇರಲಿಲ್ಲ. ಹೊಲದ ಪಟ್ಟಿ, ಅಂದರೆ ಕಂದಾಯ, ತುಂಬುವ ರೈತರಿಗೆ ಇತ್ತು. ಅಸ್ಪೃಶ್ಯರೆಂದು ಊರು ದೂರ ಇಟ್ಟ ಜನರಲ್ಲಿ ಓದು ಬರಹ ಬಲ್ಲವನಿಗೆ ಒಂದು ಸಿಗುತ್ತಿತ್ತು, ಊರ ಚಾಕರಿ ಮಾಡುವವನಿಗೆ ಒಂದು. ಕೆಳಗಿನ ಕೇರಿಯ ಹತ್ತೊಂಬತ್ತು ಮನೆಗಳಲ್ಲಿ ಓದು ಬಲ್ಲವನು ಗುತ್ತೆಪ್ಪ ಒಬ್ಬನೇ. ಚಾಕರಿಯವನು ಅವನ ಕಾಕನ ಮಗ ಮಾರೆಪ್ಪ. ಮಾರೆಪ್ಪ ಊರಿನ ವಾಲೀಕಾರ. ಕೋಲು ಹಿಡಿದು ಪಾಟೀಲರ ಹಿಂದೆ ನಿಲ್ಲುವುದು, ಡಂಗುರ ಸಾರುವುದು, ಚೀಟಿ ಒಯ್ಯುವುದು, ಸಾಹೇಬರು ಬಂದರೆ ಗಂಟು ಹೊರುವುದು ಅವನ ಕೆಲಸ. ಆ ವರ್ಷ ಇಬ್ಬರೂ ಐದು ಮೈಲು ನಡೆದು ಹಿರೇಕೆರೂರಿಗೆ ಹೋಗಿ ಕಾಂಗ್ರೆಸ್ಸಿಗೆ ಓಟು ಹಾಕಿ ಬಂದರು.

೧೯೪೬ರಲ್ಲಿ ಅದೇ ಕೇರಿಗೆ ಇಪ್ಪತ್ಮೂರು ಓಟು ಇದ್ದವು. ಕಾಂಗ್ರೆಸ್ಸಿಗೆ ಒಂದೂ ಬೀಳಲಿಲ್ಲ.

"ಯಾರೋ ಬಂದು ಕಿವಿ ಊದ್ಯಾರ" ಎಂದರು ಊರಿನವರು. "ಒಂದು ಕಪ್ಪು ಚಹಾಕ್ಕ ಹೊಳ್ಳೂ ಮಂದಿ" ಎಂದೂ ಅಂದರು. ಯಾರೂ ಊದಿರಲಿಲ್ಲ, ಚಹಾವನ್ನೂ ಕುಡಿಸಿರಲಿಲ್ಲ. ನಡೆದದ್ದು ಹೀಗೆ.

ಮೊದಲು ಕೋಲು ಇದ್ದದ್ದು ಗುತ್ತೆಪ್ಪನ ಕೈಯಲ್ಲಿ. ಅವನ ಅಪ್ಪ, ಅಪ್ಪನ ಅಪ್ಪ ಹಿಡಿದ ಕೋಲು. ಅದರ ಜೊತೆಗೆ ಕೆರೆಯ ಕೆಳಗೆ ಒಂದು ಎಕರೆ ಇಪ್ಪತ್ತೆರಡು ಗುಂಟೆ ಚಾಕರಿ ಹೊಲ. ಕೋಲು ಇರುವವರೆಗೆ ಹೊಲ, ಕೋಲು ಬಿಟ್ಟರೆ ಹೊಲವೂ ಹೋಯಿತು. ಅದು ಸರಕಾರದ ಕಟ್ಟಳೆ.

೧೯೩೨ರಲ್ಲಿ ಹಿರೇಕೆರೂರಿನ ಸುತ್ತ ರೈತರು ಪಟ್ಟಿ ತುಂಬುವುದಿಲ್ಲವೆಂದು ಕೂತರು. ಕಣವಿಕೊಪ್ಪದ ಪಾಟೀಲರಾದ ಹೊಳಬಸಪ್ಪಗೌಡರು ಪಾಟೀಲಕಿಯನ್ನೇ ಬಿಟ್ಟರು. ಅವರ ಹದಿನಾಲ್ಕು ಎಕರೆ ಜಪ್ತಿಯಾಯಿತು. ಅದೂ ಸಾಲದೆ ಅಧಿಕಾರಿಗಳು ಮನೆಗೆ ಬಂದು ಪಾತ್ರೆ ಪಡಗ ಹೊರಗೆ ತರಿಸಿದರು. ಅದರಲ್ಲಿ ಇಬ್ಬರು ಎತ್ತಬೇಕಾದ ತಾಮ್ರದ ಹಂಡೆಯೊಂದಿತ್ತು.

"ಏ ವಾಲೀಕಾರ, ಹೊರು."

ಗುತ್ತೆಪ್ಪ ಕೋಲನ್ನು ಗೋಡೆಗೆ ಆನಿಸಿ ಇಟ್ಟ.

"ನಾ ಒಲ್ಲೆರಿ, ಸಾಹೇಬ್ರ."

"ಯಾಕಲೇ?"

"ಇಷ್ಟು ವರ್ಷ ಈ ಮನಿ ಕಟ್ಟಿ ಹತ್ತಿದವನಲ್ರಿ ನಾನು. ಇವತ್ತ ಅವರ ನೀರಿನ ಹಂಡೆ ಮುಟ್ಟು ಅಂತೀರಿ. ಗೌಡ್ರು ಮುಟ್ಟು ಅನ್ಲಿ, ಮುಟ್ಟತೇನಿ."

ನೆರೆದ ಜನ ಗೊಳ್ಳೆಂದು ನಕ್ಕಿತು. ಗೌಡರೂ ನಕ್ಕರು. ನಗದಿದ್ದವರು ಅಧಿಕಾರಿಗಳು ಮಾತ್ರ. ಮರುದಿನವೇ ಗುತ್ತೆಪ್ಪನ ಚಾಕರಿ ಹೋಯಿತು, ಹೊಲ ಹೋಯಿತು. ಎರಡನ್ನೂ ಮಾರೆಪ್ಪನಿಗೆ ಕೊಟ್ಟರು. "ನನಗ ಮೂರು ಮಕ್ಕಳದಾವಣ್ಣ" ಎಂದು ಮಾರೆಪ್ಪ ಅತ್ತ. "ಹಿಡಿ, ಹಿಡಿ. ಯಾರರ ಒಬ್ಬರು ಉಣಬೇಕಲ್ಲ" ಎಂದ ಗುತ್ತೆಪ್ಪ.

ಎಂಟು ದಿನಕ್ಕೆ ಗೌಡರೂ ಗುತ್ತೆಪ್ಪನೂ ಹಿರೇಕೆರೂರ ಸಂತೆಯಲ್ಲಿ ಘೋಷಣೆ ಕೂಗಿ ಹಿಡಿಸಿಕೊಂಡರು. ಹಿಂಡಲಗಿ ಜೈಲಿನಲ್ಲಿ ಒಂಬತ್ತು ತಿಂಗಳು ಒಂದೇ ಬರಾಕಿನಲ್ಲಿ, ಒಂದೇ ಸಾಲಿನಲ್ಲಿ ಕೂತು ಉಂಡರು. ಗೌಡರು ಇದ್ದಿಲಿನಿಂದ ನೆಲದ ಮೇಲೆ ಬರೆದು ಗುತ್ತೆಪ್ಪನಿಗೆ ಅಕ್ಷರ ಕಲಿಸಿದರು. ಅವರ ಬರಹಕ್ಕೆ ಒಂದು ಗುರುತು ಇತ್ತು: ಒತ್ತಕ್ಷರಗಳನ್ನು ಬಹಳ ಕೆಳಗೆ ಇಳಿಸುತ್ತಿದ್ದರು, ಸಾಲು ಬೇರು ಬಿಟ್ಟ ಹಾಗೆ. ನೋಡಿ ತೀಡಿದ ಗುತ್ತೆಪ್ಪನ ಕೈಯೂ ಹಾಗೆಯೇ ತಿರುಗಿತು.

"ಇಲ್ಲಿ ಗೌಡ ಅನಬ್ಯಾಡೋ, ಅಣ್ಣ ಅನ್ನು" ಎಂದಿದ್ದರು ಹೊಳಬಸಪ್ಪಗೌಡರು. ಗುತ್ತೆಪ್ಪ ಅಂದ. ಬಿಡುಗಡೆಯಾಗಿ ಊರ ಅಗಸಿ ದಾಟುವಾಗ ಅದು ತಾನಾಗಿ ನಿಂತಿತು. ನಿಲ್ಲಿಸು ಎಂದು ಯಾರೂ ಹೇಳಿರಲಿಲ್ಲ.

ನಾಲ್ಕು ವರ್ಷ ಗುತ್ತೆಪ್ಪ ಕೂಲಿ ಮಾಡಿದ. ಆಮೇಲೆ ಚುನಾವಣೆ ಬಂತು, ಕಾಂಗ್ರೆಸ್ಸು ಗೆದ್ದಿತು. ಚಳವಳಿಯಲ್ಲಿ ಜಪ್ತಿಯಾದ ಹೊಲಗಳನ್ನು ತಿರುಗಿ ಕೊಡುವ ಕಾಯದೆಯನ್ನೂ ಮಾಡಿದರು. ೧೯೩೯ರ ಯುಗಾದಿಯ ಹೊತ್ತಿಗೆ ಗೌಡರ ಹದಿನಾಲ್ಕು ಎಕರೆ ಬಂತು, ಪಾಟೀಲಕಿ ಬಂತು. ಗೌಡರು ಹೊಲಕ್ಕೆ ಕಾಲಿಡುವ ದಿನ ಮುಂದೆ ಹಲಗೆ ಬಾರಿಸಿದವನು ಮಾರೆಪ್ಪ.

"ಗೌಡ್ರದು ಬಂತು" ಎಂದಳು ಗುತ್ತೆಪ್ಪನ ಹೆಂಡತಿ ಅಡಿವೆವ್ವ. "ನಿಮ್ಮದು?"

ಗುತ್ತೆಪ್ಪ ಹಿರೇಕೆರೂರ ಕಚೇರಿಗೆ ಅರ್ಜಿ ಒಯ್ದ. ಕಾರಕೂನ ಸೌಮ್ಯ ಮನುಷ್ಯ. ಅರ್ಜಿಯನ್ನು ಪೂರ್ತಿ ಓದಿದ.

"ಈ ಕಾಯದೆ ಪಟ್ಟಿ ತುಂಬದ ಹೊಲಕ್ಕ ಐತಿ. ನಿಂದು ಚಾಕರಿ ಹೊಲ. ಆದ್ರ ನೀ ಚಾಕರಿ ಬಿಟ್ಟದ್ದು ಚಳವಳಿ ಸಲುವಾಗಿ ಅಂತ ನಿಮ್ಮೂರ ಪಾಟೀಲರು ಬರದು ಕೊಟ್ರ, ಮ್ಯಾಲ ಕಳಸ್ತೇನಿ. ನೋಡೂಣು."

ಗುತ್ತೆಪ್ಪನಿಗೆ ನಗು ಬಂತು. "ಪಾಟೀಲ್ರಂದ್ರ ನಮ್ಮ ಹೊಳಬಸಪ್ಪಗೌಡ್ರರಿ! ಹಂಡೆನ ಅವರದು!"

ಅಂದೇ ಸಂಜೆ ಗೌಡರ ಕಟ್ಟೆಯ ಕೆಳಗೆ ನಿಂತು ಎಲ್ಲ ಹೇಳಿದ.

"ಮತ್ತ ಮಾರೆಪ್ಪ ಏನ ಮಾಡಬೇಕಲೇ?" ಎಂದರು ಗೌಡರು.

"ಅರ್ಧಾ ಅರ್ಧಾ ಹಂಚಿಗೋತೇವ್ರಿ. ಮಾತಾಡೇವಿ."

"ಕೋಲು ಯಾರು ಹಿಡೀತೀರಿ?"

"ಅದನ್ನ ನಾ ಹಿಡಿಯೂದಿಲ್ರಿ, ಗೌಡ್ರ. ಅದು ಮುಗೀತು."

ಗೌಡರು ಬಹಳ ಹೊತ್ತು ಎಲೆಗೆ ಸುಣ್ಣ ಸವರುತ್ತ ಕೂತರು. "ಎಲ್ಲಾ ಮೊದಲಿನ್ಹಂಗ ಆಗ್ಲಿ ಅಂತ ಜೈಲಿಗೆ ಹೋದ್ವಿ, ಗುತ್ತೆಪ್ಪ" ಎಂದರು. "ಮುಂಜಾನೆ ಬಾ. ಚೀಟಿ ಕೊಡ್ತೇನಿ."

ಬೆಳಿಗ್ಗೆ ಗೌಡರು ಮಡಚಿದ ಚೀಟಿಯನ್ನು ಮೇಲಿನಿಂದ ಗುತ್ತೆಪ್ಪನ ಬೊಗಸೆಗೆ ಬಿಟ್ಟರು. ಅದಕ್ಕೆ ಅರಗೂ ಇರಲಿಲ್ಲ, ಅಂಟೂ ಇರಲಿಲ್ಲ. ಕಣವಿಕೊಪ್ಪದಿಂದ ಕಚೇರಿಗೆ ಹೋದ ಯಾವ ಚೀಟಿಗೂ ಇರುತ್ತಿರಲಿಲ್ಲ. ಒಯ್ಯುವವರು ಕೇರಿಯವರು. ಮೂರು ತಲೆಮಾರು ಗುತ್ತೆಪ್ಪನ ಮನೆತನ ಚೀಟಿ ಒಯ್ದಿತ್ತು, ಬಿಚ್ಚಿ ನೋಡಿದರೂ ಅವರಿಗೆ ಅದು ಬರೀ ಕಾಗದ.

ಎರಡು ಮೈಲು ನಡೆದು ಹಳ್ಳದ ಸೇತುವೆಯ ಮೇಲೆ ಗುತ್ತೆಪ್ಪ ಕೂತ. ಸಂಶಯಪಟ್ಟು ಬಿಚ್ಚಲಿಲ್ಲ. ಗೌಡರ ಕೈಬರಹದಲ್ಲಿ ತನ್ನ ಹೆಸರು ನೋಡಿ ಏಳು ವರ್ಷವಾಗಿತ್ತು, ಅದನ್ನು ನೋಡುವ ಆಸೆ. ಹೆಸರು ಮೊದಲ ಸಾಲಿನಲ್ಲೇ ಇತ್ತು. ಬೆರಳಿಟ್ಟು ಮುಂದೆ ಓದಿದ.

'ಸದರೀ ಗುತ್ತೆಪ್ಪನು ಒಳ್ಳೆಯ ಮನುಷ್ಯನು. ಆದರೆ ಆತನು ಚಾಕರಿ ಬಿಟ್ಟದ್ದು ಚಳವಳಿಗಾಗಿ ಅಲ್ಲ, ಮೈಗಳ್ಳತನದಿಂದ. ಕೋಲು ಹಿಡಿಯದವನಿಗೆ ಹೊಲ ಕೊಟ್ಟರೆ ಕೇರಿಯವರು ಯಾರೂ ಕೋಲು ಹಿಡಿಯುವುದಿಲ್ಲ. ಊರಿಗೆ ವಾಲೀಕಾರ ಸಿಗುವುದಿಲ್ಲ.'

ಕೆಳಗೆ ಗೌಡರ ಸಹಿ.

'ಮೈಗಳ್ಳತನ' ಎಂಬ ಮಾತನ್ನು ಅವನು ಬರಹದಲ್ಲಿ ಎಂದೂ ಕಂಡಿರಲಿಲ್ಲ. ಮೈ, ಗ, ಳ್ಳ ಎಂದು ಬಿಡಿಬಿಡಿಯಾಗಿ ಓದಿ ಕೂಡಿಸಿದ. ತಾನು ಓದಿದ್ದೇ ತಪ್ಪಿರಬೇಕು ಅನಿಸಿತು. ಕಲಿತದ್ದು ಜೈಲಿನ ನೆಲದ ಮೇಲೆ, ಅದೂ ಒಂಬತ್ತು ತಿಂಗಳು. ಎಲ್ಲೋ ಒಂದು ಅಕ್ಷರ ಹಿಂದುಮುಂದಾಗಿರಬೇಕು. ಮೊದಲಿನಿಂದ ಓದಿದ. ಮೂರನೆಯ ಸಲ ಓದಿದ. ಅಕ್ಷರಗಳು ಕದಲಲಿಲ್ಲ. ಕೆಳಗೆ ಇಳಿದ ಆ ಒತ್ತುಗಳು ಅವನಿಗೆ ತನ್ನ ಅಂಗೈಗಿಂತ ಚೆನ್ನಾಗಿ ಗೊತ್ತಿದ್ದವು.

ಅಂಗೈ ಬೆವರಿಗೆ ಮಸಿ ಹತ್ತಿ 'ಮೈಗ' ಎಂಬಷ್ಟು ಭಾಗ ಹೆಬ್ಬೆರಳ ಮೇಲೆ ತಿರುವುಮುರುವಾಗಿ ಮೂಡಿತ್ತು. ಅದನ್ನು ಧೋತರಕ್ಕೆ ಒರೆಸಿದ, ಹೋಗಲಿಲ್ಲ. ಎತ್ತಿನ ಗಾಡಿಯೊಂದು ಹಾದುಹೋಯಿತು. ಗಾಡಿಯವನು ಪರಿಚಯದವನು. "ಯಾಕೋ ಗುತ್ತೆಪ್ಪ, ಹಾವು ಗೀವು ಕಡೀತೇನು?" ಎಂದು ಕೇಳಿದ. ಗುತ್ತೆಪ್ಪ ಇಲ್ಲವೆಂದು ತಲೆ ಅಲ್ಲಾಡಿಸಿದ.

ಆಮೇಲೆ ಹೋಗಿ ಚೀಟಿಯನ್ನು ಕಚೇರಿಗೆ ಮುಟ್ಟಿಸಿದ. ಹರಿದು ಹಳ್ಳಕ್ಕೆ ಒಗೆಯಬಹುದಿತ್ತಲ್ಲ ಎಂದು, ಈ ಕತೆ ಬರೆದುಕೊಳ್ಳಲು ಹೋದ ನಾನು ಮುಂದೊಮ್ಮೆ ಅವನನ್ನೇ ಕೇಳಿದ್ದೆ. "ಒಯ್ದ ಚೀಟಿ ಮುಟ್ಟಸಬೇಕ್ರಿ" ಎಂದ, ಇದೆಂಥ ಪ್ರಶ್ನೆ ಎಂಬ ಹಾಗೆ.

ಕಾರಕೂನ ಓದಿ ತಲೆ ಎತ್ತಲಿಲ್ಲ. "ಆಗೂದಿಲ್ಲಪಾ" ಎಂದ.

ಮನೆಯಲ್ಲಿ ಅಡಿವೆವ್ವ ರೊಟ್ಟಿ ತಟ್ಟುತ್ತಿದ್ದಳು. ಗುತ್ತೆಪ್ಪ ಒಲೆಯ ಮುಂದೆ ಕೂತು ನಾಲ್ಕೂ ಸಾಲನ್ನು ಬಾಯಿಪಾಠ ಒಪ್ಪಿಸಿದ. ಅವಳ ಕೈ ಹಿಟ್ಟಿನಲ್ಲೇ ನಿಂತಿತು.

"ಮೈಗಳ್ಳ? ನೀವು?"

"ಹಂಗಂತ ಬರದಾರ."

"ನಿಮಗ ಓದಾಕ ಬರತೈತಿ ಅನ್ನೂದು ಗೌಡ್ರಿಗೆ ಗೊತ್ತಿಲ್ಲೇನು?"

"ಅವ್ರ ಕಲಿಸ್ಯಾರ."

"ಮತ್ತ ನಿಮ್ಮ ಕೈಯಾಗ ಹೆಂಗ ಕೊಟ್ರು?"

ಗುತ್ತೆಪ್ಪನಿಗೆ ಉತ್ತರ ಹೊಳೆದದ್ದು ಆಗ. "ಮರತಾರ" ಎಂದ.

ಅಡಿವೆವ್ವ ಗಂಡನ ಮುಖವನ್ನೇ ನೋಡಿದಳು. ಹೆಂಚಿನ ಮೇಲಿನ ರೊಟ್ಟಿ ಕರಿದಾಯಿತು. ಸುಳ್ಳು ಬರೆದದ್ದಕ್ಕೆ ಏನೋ ಒಂದು ಕಾರಣ ಇದ್ದೀತು, ಹೆದರಿಕೆಯೋ ಊರಿನ ಚಿಂತೆಯೋ. ಆದರೆ ಒಂದೊಂದೇ ಅಕ್ಷರ ಕೈ ಹಿಡಿಯುವಷ್ಟು ಹತ್ತಿರ ಕೂತು ತೀಡಿಸಿದವರು, ಆ ಮನುಷ್ಯನಿಗೆ ಓದು ಬರುತ್ತದೆ ಎಂಬುದನ್ನೇ ಮರೆಯುವುದು ಹೇಗೆ? ಚೀಟಿ ಹಿಡಿದ ಬೊಗಸೆ ಕಂಡಾಗ ಗೌಡರಿಗೆ ವಾಲೀಕಾರನಷ್ಟೇ ಕಂಡಿದ್ದ. ಗುತ್ತೆಪ್ಪನನ್ನು ವರ್ಷಗಟ್ಟಲೆ ಬಿಡದೆ ಕಾಡಿದ್ದು ಅದು.

ಸೋಮವಾರ ಆ ಭಾಗದಲ್ಲಿ ಎತ್ತಿನ ಹೆಗಲಿಗೆ ನೊಗ ಹೂಡುವುದಿಲ್ಲ, ಕೂಲಿಯವರಿಗೂ ಬಿಡುವು. ಮುಂದಿನ ಸೋಮವಾರ ಮಧ್ಯಾಹ್ನ ಗುತ್ತೆಪ್ಪ ಕೇರಿಯ ಬೇವಿನ ಗಿಡದ ಕೆಳಗೆ ಉಸುಕು ಹರವಿಕೊಂಡು ಕೂತ. ಮೊದಲ ದಿನ ಮೂವರು ಬಂದರು: ಹೂವಪ್ಪ, ಕರೆವ್ವ, ಮತ್ತೆ ಕೋಲನ್ನು ಗಿಡಕ್ಕೆ ಆನಿಸಿ ಮಾರೆಪ್ಪ. ಅಕ್ಷರ ಕಲಿತ ಒಬ್ಬೊಬ್ಬರಿಗೂ ಒಂದು ಓಟು ಎಂಬ ಲೆಕ್ಕ ಗುತ್ತೆಪ್ಪನಿಗೆ ಗೊತ್ತಿತ್ತು. ಗೌಡರಿಗೂ ಗೊತ್ತಿತ್ತು. ಅವರು ಸಂತೋಷಪಟ್ಟು ಬಳಪದಿಂದ ಬರೆಯುವ ಹನ್ನೆರಡು ಪಾಟಿ ಕೊಡಿಸಿದರು. "ಕಲಸೋ, ಕಲಸು. ನಮ್ಮ ಓಟು ಬೆಳೀತಾವು" ಎಂದರು. ಏನು ಓದಿಸುತ್ತೀ ಎಂದು ಕೇಳಲಿಲ್ಲ.

ಆರು ವರ್ಷ ಪಾಠ ನಡೆಯಿತು. ಈ ನಡುವೆ ದಲಿತರದೇ ಆದ ಫೆಡರೇಶನ್ ಎಂಬ ಪಕ್ಷ ಹುಟ್ಟಿತು. ಹಾನಗಲ್ಲಿನಲ್ಲಿ ಅದರ ಸಭೆಯಾದಾಗ ಗುತ್ತೆಪ್ಪ, ಮಾರೆಪ್ಪ ಇಬ್ಬರೂ ನಡೆದುಕೊಂಡೇ ಹೋಗಿ ಬಂದರು. ಅಲ್ಲಿ ಒಬ್ಬ ಭಾಷಣಕಾರ, ಚಾಕರಿಯ ಹೊಲ ಹೊಲವಲ್ಲ, ಕೊರಳಿನ ಹಗ್ಗ ಎಂದನಂತೆ. ಹಿಂದಿರುಗುವ ದಾರಿಯುದ್ದಕ್ಕೂ ಮಾರೆಪ್ಪ ಕೋಲನ್ನು ಊರಲಿಲ್ಲ, ಕಂಕುಳಲ್ಲಿ ಇಟ್ಟುಕೊಂಡು ನಡೆದ.

೧೯೪೫ರ ಕೊನೆಗೆ ಮತದಾರರ ಯಾದಿ ಹೊಸದಾಗಿ ಆಗಬೇಕಿತ್ತು. ಕೇರಿಯಿಂದ ಇಪ್ಪತ್ತೆರಡು ಅರ್ಜಿ ಹೋದವು. ಓದು ಬರಹ ಬರುತ್ತದೋ ಇಲ್ಲವೋ ಊರ ಲೆಕ್ಕ ಬರೆಯುವ ತಲಾಠಿ ನೋಡಬೇಕು, ಪಾಟೀಲರು ಸಾಕ್ಷಿ ಸಹಿ ಹಾಕಬೇಕು. ಚಾವಡಿಯ ಅಂಗಳದಲ್ಲಿ ಪರೀಕ್ಷೆ. ತಲಾಠಿ ಊರಿಗೆ ಹೊಸಬ. ಗೌಡರು ಕುರ್ಚಿಯ ಮೇಲೆ ಕೂತಿದ್ದರು. ಗುತ್ತೆಪ್ಪ ದೂರ ನಿಂತಿದ್ದ.

"ನಿನಗ ತಿಳದದ್ದು ಒಂದು ಸಾಲು ಬರಿ ಬೇ" ಎಂದ ತಲಾಠಿ.

ಐವತ್ತು ದಾಟಿದ ಕರೆವ್ವ ಪಾಟಿಯ ಮೇಲೆ ನಿಧಾನವಾಗಿ ಬರೆದಳು. ತಲಾಠಿ ಗಟ್ಟಿಯಾಗಿ ಓದಿದ: "ಸದರೀ ಗುತ್ತೆಪ್ಪನು ಒಳ್ಳೆಯ ಮನುಷ್ಯನು."

ಜನ ನಕ್ಕರು. "ಮಾಸ್ತರನ್ನ ಹೊಗಳಿ ಪಾಸಾಗಾಕಿ!" ಎಂದ ತಲಾಠಿ. ಗೌಡರೂ ನಗುತ್ತ ಸಹಿ ಹಾಕಿದರು.

ಎರಡನೆಯವನು ಹೂವಪ್ಪ. ಪಾಟಿ ಎತ್ತಿ ತಲಾಠಿ ಓದಿದ: "ಆದರೆ ಆತನು ಚಾಕರಿ ಬಿಟ್ಟದ್ದು ಚಳವಳಿಗಾಗಿ ಅಲ್ಲ..." ಮುಂದಿನ ಮಾತನ್ನು ಸಣ್ಣ ದನಿಯಲ್ಲಿ ಮುಗಿಸಿದ. "ಇದೇನಿದು?"

ಗೌಡರು ಪಾಟಿಯನ್ನು ಕಸಿದುಕೊಂಡರು. ಒತ್ತಕ್ಷರಗಳು ಕೆಳಗೆ, ಬಹಳ ಕೆಳಗೆ ಇಳಿದಿದ್ದವು. ಬರೆದವನು ಹೂವಪ್ಪ, ಬರಹ ಮಾತ್ರ ಅವರದೇ. ಪಾಟಿಯನ್ನು ತೊಡೆಯ ಮೇಲೆ ಮಗುಚಿ ಇಟ್ಟುಕೊಂಡು ಸಹಿ ಹಾಕಿದರು.

ಮೂರನೆಯವರು, ನಾಲ್ಕನೆಯವರು. ಹೊಸ ಪಾಟಿ ಎತ್ತಿದಾಗಲೆಲ್ಲ ಆ ನಾಲ್ಕು ಸಾಲಿನಲ್ಲಿ ಒಂದು. ಕೇರಿಗೆ ಬೇರೆ ಪುಸ್ತಕವೇ ಇರಲಿಲ್ಲ. ಗುತ್ತೆಪ್ಪನಿಗೆ ಬಾಯಿಗೆ ಬರುತ್ತಿದ್ದ ಬರಹ ಅದೊಂದೇ. ಅಂಗಳದಲ್ಲಿ ಈಗ ಯಾರೂ ನಗುತ್ತಿರಲಿಲ್ಲ. ಗೌಡರ ಸಹಿ ಒಂದೊಂದಕ್ಕೂ ಸಣ್ಣದಾಗುತ್ತ ಹೋಯಿತು.

ಕೊನೆಗೆ ಮಾರೆಪ್ಪ ಬಂದ.

"ನಿನಗ ಓಟು ಐತಲ್ಲೋ, ಕೋಲಿಂದು" ಎಂದ ತಲಾಠಿ.

"ಅದು ಬ್ಯಾಡ್ರಿ. ಅಕ್ಷರದ್ದು ಕೊಡ್ರಿ."

"ಕೋಲು ಬಿಟ್ರ ಹೊಲಾನೂ ಹೋಗತೈತಿ. ಗೊತ್ತೈತಿಲ್ಲೋ?"

"ಗೊತ್ತೈತ್ರಿ. ನಮ್ಮಣ್ಣನ ಹೊಲ ಅದು. ಹದಿಮೂರು ವರ್ಷ ಉಂಡೇನಿ, ಸಾಕು."

ಕೋಲನ್ನು ಚಾವಡಿಯ ಗೋಡೆಗೆ ಆನಿಸಿಟ್ಟು, ಕೂತು ಬರೆದ: 'ಊರಿಗೆ ವಾಲೀಕಾರ ಸಿಗುವುದಿಲ್ಲ.'

ಗೌಡರು ಅದಕ್ಕೂ ಸಹಿ ಹಾಕಿದರು. ಹಾಕದಿರಲು ಕಾರಣವಿರಲಿಲ್ಲ, ಬರಹದಲ್ಲಿ ಒಂದು ತಪ್ಪೂ ಇರಲಿಲ್ಲ. ಜನ ಕರಗಿದ ಮೇಲೆ ಕುರ್ಚಿಯಿಂದ ಎದ್ದು, ಮೆಟ್ಟಿಲು ಇಳಿದು, ಗುತ್ತೆಪ್ಪ ನಿಂತಲ್ಲಿಗೆ ಅವರೇ ಬಂದರು.

"ಅವತ್ತ ಚೀಟಿ ಓದಿದ್ದೇನೋ?"

"ಓದಿದ್ನಿರಿ."

"ಆರು ವರ್ಷ, ಗುತ್ತೆಪ್ಪ! ಒಂದು ಮಾತು ಬಾಯಿಬಿಟ್ಟು ಅನಬಾರದಾಗಿತ್ತೇನೋ ನನಗ?"



"ನನಗ ಓದಾಕ ಬರತೈತಿ ಅನ್ನೂದು ನಿಮಗ ನೆನಪಾಗತೈತೇನೋ ಅಂತ ಕಾದೆ, ಅಣ್ಣಾ."