ಐವತ್ತರಲ್ಲಿ ಎರಡು

ಮೊನ್ನೆ ಉಪ್ಪಿನಕಾಯಿಗೆಂದು ತಂದಿದ್ದ ವಿನೆಗರ್ ಬಾಟಲಿ ಕೈಜಾರಿ ಒಡೆಯಿತು. ನೆಲ ಒರೆಸಲು ಬಗ್ಗಿದವಳು ಹಾಗೇ ಕುಕ್ಕರುಗಾಲಲ್ಲಿ ಕೂತುಬಿಟ್ಟೆ. ಮೂಗು ಚುರ್ರೆನ್ನಿಸುವ ಆ ಹುಳಿ ವಾಸನೆ ಚನ್ನರಾಯಪಟ್ಟಣದ ಈ ಅಡುಗೆಮನೆಯಿಂದ ನನ್ನನ್ನು ಎತ್ತಿ ಹಾಸನದ ಒಂದು ಹಳೇ ಪ್ರಯೋಗಾಲಯದಲ್ಲಿ ಇಳಿಸಿತ್ತು. ಅಲ್ಲಿ ಮಧ್ಯಾಹ್ನದ ಬಿಸಿಲು, ಕಿಟಕಿಯ ಪಕ್ಕ ಸೂಕ್ಷ್ಮದರ್ಶಕ, ಅದರ ಮುಂದೆ ಬಾಗಿ ಕೂತ ಮೇಷ್ಟ್ರು...

ತೊಂಬತ್ತರ ದಶಕದ ಕೊನೆ. ಬಾಗೂರಿನ ರೈತರ ಮನೆಯವಳಾದ ನಾನು ಹಾಸನದ ಕಾಲೇಜಿಗೆ ಅರೆಕಾಲಿಕ ಉಪನ್ಯಾಸಕಿಯಾಗಿ ಆಗಷ್ಟೇ ಸೇರಿದ್ದೆ. ಅವರು ಪ್ರಾಣಿಶಾಸ್ತ್ರದ ಹಿರಿಯ ಮೇಷ್ಟ್ರು; ಹೊಳೆನರಸೀಪುರದ ಅರ್ಚಕರ ಮನೆತನ. ಮೀನಿನ ರುಚಿಯೇ ಗೊತ್ತಿಲ್ಲದ ಆ ಮನುಷ್ಯ ಹೇಮಾವತಿಯ ಮೀನುಗಳ ಕ್ರೋಮೋಸೋಮು ಎಣಿಸುತ್ತ ತಲೆ ಬೆಳ್ಳಗೆ ಮಾಡಿಕೊಂಡಿದ್ದರು. ಮೀನು ತಿಂದೇ ಬೆಳೆದ ನಾನು ಅವರ ಹತ್ತಿರ ಎಣಿಸಲು ಕಲಿತೆ.

ಈ ಕೆಲಸಕ್ಕೆ ಮೀನು ಜೀವಂತ ಬೇಕು. ಹೊಳೆನರಸೀಪುರದ ಹೊಳೆದಂಡೆಯಲ್ಲಿ ಬಲೆಯವನಿಂದ ಬೆರಳುದ್ದದ ಬೆಳ್ಳಿಮೀನು ಕೊಂಡು, ನೀರು ತುಂಬಿದ ಸ್ಟೀಲ್ ಬಿಂದಿಗೆಯಲ್ಲಿ ಬಿಟ್ಟು, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬರುತ್ತಿದ್ದೆವು. ಕಂಡಕ್ಟರಿಗೆ ನಾವು ಹಳೇ ಗಿರಾಕಿಗಳು. "ಏನ್ ಸಾ, ಇವತ್ತೆಷ್ಟ್ ಜನ ಅವ್ರೆ ಬಿಂದ್ಗೇಲಿ? ಅವ್ಕೂ ಅರ್ಧ ಟಿಕೀಟ್ ಅರಿಯಾಣ್ವಾ?" ಎಂದು ಬಸ್ಸನ್ನೆಲ್ಲ ನಗಿಸುತ್ತಿದ್ದ. ಮೇಷ್ಟ್ರು ಬಿಂದಿಗೆಯ ಬಾಯಿಗೆ ಅಂಗೈ ಮುಚ್ಚಿ, ಒಳಗಿನ ಪುಳುಪುಳು ಸದ್ದನ್ನೇ ಆಲಿಸುತ್ತ ಕೂತಿರುತ್ತಿದ್ದರು.

ಕೋಶಗಳ ವಿಭಜನೆಯನ್ನು ಅರ್ಧದಲ್ಲೇ ನಿಲ್ಲಿಸುವ ಔಷಧ ಮೀನಿಗೆ ಚುಚ್ಚಿ, ಕಾದು, ಮೂತ್ರಪಿಂಡ ತೆಗೆದು, ಈ ವಿನೆಗರಿನ ವಾಸನೆಯ ದ್ರಾವಣದಲ್ಲಿಟ್ಟು, ಗಾಜಿನ ಮೇಲೆ ಮೊಳದೆತ್ತರದಿಂದ ಹನಿ ಬಿಡಬೇಕು. ಬಣ್ಣ ಹಾಕಿ ನೋಡಿದರೆ ಕ್ರೋಮೋಸೋಮುಗಳು ನೇರಳೆ ದಾರದ ತುಣುಕುಗಳ ಹಾಗೆ ಗುಲಾಬಿ ಮಬ್ಬಿನಲ್ಲಿ ತೇಲುತ್ತಿರುತ್ತಿದ್ದವು. ನೋಡುತ್ತ ನೋಡುತ್ತ ಅವು ಮೆಲ್ಲಗೆ ಈಜುತ್ತಿವೆಯೇನೋ ಅನ್ನಿಸಿ... ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಆಮೇಲೆ ಫೋಟೊ ತೆಗೆಸಿ, ಒಂದೊಂದು ತುಣುಕನ್ನೂ ಕತ್ತರಿಸಿ, ಜೋಡಿ ಹುಡುಕಿ ಹಾಳೆಗೆ ಅಂಟಿಸುವುದು. "ಜಾತಕ ಕೂಡಿಸಿದ ಹಾಗೇ ಕಣಮ್ಮ" ಎನ್ನುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಎಷ್ಟು ಮೀನು ಕುಯ್ದರೋ ಅಷ್ಟು ಬೊಗಸೆ ಪುರಿಯನ್ನು ಮುಂದಿನ ಶನಿವಾರ ರಾಮನಾಥಪುರದ ದೇವರ ಮೀನುಗಳಿಗೆ ಹಾಕಿ ಬರುತ್ತಿದ್ದರು. ಆ ಮೀನುಗಳನ್ನು ಯಾರೂ ಹಿಡಿಯುವುದಿಲ್ಲ. "ವಿಜ್ಞಾನದ ಮೇಷ್ಟ್ರಾಗಿ ನೀವೂ ಹೀಗಾ ಸಾರ್?" ಎಂದು ಕೆಣಕಿದರೆ ಜಾಣಕಿವುಡರಾಗಿಬಿಡುತ್ತಿದ್ದರು.

ಬೆಳ್ಳಿಮೀನಿನ ಬಳಗಕ್ಕೆಲ್ಲ ಐವತ್ತು ಕ್ರೋಮೋಸೋಮು. ನಾವು ಹೊಳೆಯಿಂದ ತರುತ್ತಿದ್ದ ಈ ಜಾತಿಯೊಂದಕ್ಕೆ ಮಾತ್ರ ನಲವತ್ತೆಂಟು ಎಂದು ಮೇಷ್ಟ್ರ ಗುಮಾನಿ. ಯಾವುದೋ ಕಾಲದಲ್ಲಿ ಎರಡು ಜೋಡಿ ಬೆಸೆದು ಒಂದೇ ಉದ್ದ ಜೋಡಿಯಾಗಿ, ಮೀನು ತನ್ನದೇ ದಾರಿ ಹಿಡಿದಿದೆ ಎಂದು. ನಿಜವಾದರೆ ಅದು ಅವರ ಜೀವಮಾನದ ಶೋಧ. ಆದರೆ ಸಕ್ಕರೆ ಕಾಯಿಲೆ ಅವರ ಕಣ್ಣು ತಿನ್ನುತ್ತಿತ್ತು. ಆ ವರ್ಷ ಅವರಿಗೆ ಸ್ಲೈಡಿನಲ್ಲಿ ಕಾಣುತ್ತಿದ್ದುದು ಬರೀ ನೇರಳೆ ಮಂಜು. "ಇನ್ಮೇಲೆ ನಿನ್ನ ಕಣ್ಣೇ ನನ್ನ ಕಣ್ಣು" ಅಂದರು.

ಎಣಿಸಿದೆ. ಐವತ್ತು. ಇನ್ನೊಂದು ಕೋಶ... ಅದೂ ಐವತ್ತು. ಬೆಳಗಿನಿಂದ ಕಾಫಿಯನ್ನೂ ಮುಟ್ಟದೆ ಅವರು ನನ್ನ ಬೆನ್ನ ಹಿಂದೆ ನಿಂತಿದ್ದರು.

"ಎಷ್ಟಮ್ಮ?"

"ನಲವತ್ತೆಂಟು ಸಾರ್."

"ಮೊದಲ್ನೇ ಜೋಡಿ ಉದ್ದ ಇದೆಯಾ?"

"ಹೂಂ" ಅಂದುಬಿಟ್ಟೆ. ಅವರ ಮುಖ ಮಗುವಿನದರಂತೆ ಅರಳಿತು. ಮುಂದಿನ ವಾರ ಫೋಟೊ ಕತ್ತರಿಸುವಾಗ ನಲವತ್ತೆಂಟನ್ನು ಅಂಟಿಸಿ, ಉಳಿದ ಎರಡನ್ನು ಪರ್ಸಿನೊಳಗೆ ಬಚ್ಚಿಟ್ಟೆ. ಒಂದು ಸುಳ್ಳಿಗೆ ಇನ್ನೊಂದರ ಊರುಗೋಲು.

ತಿಂಗಳಿಡೀ ಅವರು ಹೇಳಿದರು, ನಾನು ಪ್ರಬಂಧ ಬರೆದೆ. ಅದನ್ನು ಸಂಶೋಧನಾ ಪತ್ರಿಕೆಗೆಂದು ಅಂಚೆಗೆ ಹಾಕುವ ಮುಂಚಿನ ಶನಿವಾರ ರಾಮನಾಥಪುರಕ್ಕೆ ನನ್ನನ್ನೂ ಕರೆದೊಯ್ದರು. ಕಾವೇರಿಯ ಮೆಟ್ಟಿಲ ಮೇಲೆ ಕೂತು ಪುರಿ ಎರಚುತ್ತ, ಮೀನು ಕಾಣದಿದ್ದರೂ ಅವು ಬಾಯಿ ಹಾಕುವ ಸದ್ದಿಗೇ ನಗುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಅಳುತ್ತ ಎಲ್ಲವನ್ನೂ ಹೇಳಿಬಿಟ್ಟೆ.

ಅವರ ಬೊಗಸೆಯ ಪುರಿ ಮೆಟ್ಟಿಲ ಮೇಲೆ ಸುರಿಯಿತು. ನೀರಿನ ಕಡೆಗೇ ಮುಖ ಮಾಡಿಕೊಂಡು ಅಂದರು:

"ನನಗೆ ಸುಳ್ಳು ಹೇಳಿದ್ದು ಹಾಗಿರ್ಲಿ. ಪ್ರಾಣ ಕೊಟ್ಟಿದ್ದು ಆ ಮೀನು. ಅದರದ್ದು ಎರಡು ಕದ್ದುಬಿಟ್ಟೆಯಲ್ಲಮ್ಮ..."

ಬೈದಿದ್ದರೆ ಚೆನ್ನಾಗಿತ್ತು.

ಸೋಮವಾರ ಆ ಎರಡು ತುಣುಕು ಕೇಳಿ ಇಸಿದುಕೊಂಡರು. ಗೋಂದು ಹಚ್ಚಿ, ಹಾಳೆಯ ಅಂಚನ್ನು ಬೆರಳಿನಿಂದ ತಡವಿ, ತಾವೇ ಅಂಟಿಸಿದರು, ಸೊಟ್ಟಗೆ. ಪ್ರಬಂಧವನ್ನು ನಾನು ಹರಿದುಹಾಕಿದೆ. ಈ ಮೀನಿಗೂ ಐವತ್ತೇ ಎಂದು ಎರಡು ಪುಟ ಬರೆದು ಕಳಿಸಿದೆವು. ಯಾರೂ ಓದಿದ ಹಾಗೆ ಕಾಣಲಿಲ್ಲ. ಆಮೇಲೂ ಎಣಿಸಲು ನನ್ನನ್ನೇ ಕರೆಯುತ್ತಿದ್ದರು. ಅದು ಕ್ಷಮೆಯೋ, ಬೇರೆ ಕಣ್ಣು ಸಿಗದ ಅಸಹಾಯಕತೆಯೋ... ಕೇಳುವ ಧೈರ್ಯ ನನಗೆ ಬರುವ ಮೊದಲೇ, ಎರಡು ಸಾವಿರದ ಇಸವಿ ಕಳೆದು ಕೆಲವೇ ವರ್ಷಕ್ಕೆ, ಅವರು ತೀರಿಕೊಂಡರು.

ಗಾಜಿನ ಚೂರು ಗುಡಿಸಿ, ಕೈ ತೊಳೆದು, ಅಂದಿನಿಂದ ನನ್ನ ಬಳಿಯೇ ಉಳಿದಿದ್ದ ಆ ಹಾಳೆಯನ್ನು ಬೀರುವಿನಿಂದ ತೆಗೆದೆ. ಅಂಚು ಹಳದಿಯಾಗಿದೆ. ನನ್ನ ನಲವತ್ತೆಂಟು ಸಾಲಾಗಿ ನೆಟ್ಟಗಿವೆ; ಅವರ ಎರಡು ಕೊನೆಯಲ್ಲಿ, ಸೊಟ್ಟಗೆ. ಒಂದೊಂದರ ಮೇಲೂ ಬೆರಳಿಟ್ಟು ಎಣಿಸಿದೆ.

"ಐವತ್ತು ಸಾರ್" ಅಂದೆ, ಗಟ್ಟಿಯಾಗಿಯೇ. ಎಷ್ಟಮ್ಮ ಎಂದು ಕೇಳಲು ಬೆನ್ನ ಹಿಂದೆ ಅವರಿರಲಿಲ್ಲ.