ಕಮಲಾಪುರದ ಲೈನಿಗೆ ಸುರಿದ ಲೋಡು

ಸಂಡೂರಿನಲ್ಲಿ ಅದಿರಿನ ಲಾರಿಗಳಿಗೆ ದಾರಿ ಹಾಕಿಕೊಡುವುದು ನನ್ನ ಕೆಲಸವಾಗಿತ್ತು. ಯಾವ ಗಣಿಯಿಂದ ಯಾವ ಕಾರ್ಖಾನೆಗೆ ಎಷ್ಟು ಲೋಡು, ಯಾವ ದಾರಿಯಲ್ಲಿ ಖರ್ಚು ಕಡಿಮೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದೆ. ಡ್ರೈವರುಗಳು ಆ ದಾರಿ ಹಿಡಿಯುತ್ತಿರಲಿಲ್ಲ. ನನ್ನ ಹೆಮ್ಮೆಗೆ ಅದರಿಂದೇನೂ ಕೊರತೆಯಾಗಲಿಲ್ಲ.

ಲಾರಿ ಆಫೀಸು ಮುಚ್ಚಿದ ಮೇಲೆ ಹೊಸಪೇಟೆಯ ಸಣ್ಣ ಇಂಟರ್ನೆಟ್ ಕಂಪನಿಯೊಂದನ್ನು ಸೇರಿದೆ. ನೆಟ್‌ವರ್ಕ್ ಕೆಲಸ ಗೊತ್ತೇ ಎಂದು ಮಾಲೀಕ ಮನೋಹರ್ ಕೇಳಿದರು. ಡೇಟಾ ಅಂದರೂ ಲೋಡೇ, ಕೇಬಲ್ ಅಂದರೂ ರಸ್ತೆಯೇ ಎಂದೆ. ಅವರು ನಂಬಿದರು. ಅದಕ್ಕಿಂತ ಕೆಟ್ಟದ್ದು, ನಾನೂ ನಂಬಿದೆ.

ಕಂಪ್ಲಿಗೆ ಎರಡು ಬಾಡಿಗೆ ಲೈನುಗಳಿದ್ದವು. ಕಮಲಾಪುರದ ಮೇಲೆ ಹೋಗುವುದು ಅಗ್ಗ, ಕುರುಗೋಡು ಸುತ್ತಿ ಹೋಗುವುದು ದುಬಾರಿ. ಲಾರಿಯ ಸೂತ್ರಕ್ಕೆ ಡೇಟಾದ ಅಂಕಿ ಹಾಕಿದೆ. ಎಲ್ಲವನ್ನೂ ಕಮಲಾಪುರದ ಮೇಲೆ ಕಳಿಸು ಎಂದಿತು. ಕಳಿಸಿ, ಉಳಿತಾಯ ತೋರಿಸಿ, ಬೆನ್ನು ತಟ್ಟಿಸಿಕೊಂಡೆ.

ಆ ಭಾನುವಾರ ಕಂಪ್ಲಿಯಲ್ಲಿ ಅಕ್ಕ ಹೇಮಾವತಿಯ ಮಗಳು ಪಂಪಾವತಿಯನ್ನು ನೋಡುವ ಶಾಸ್ತ್ರ. ಹುಡುಗ ಯಲ್ಲೇಶ್‌ಗೆ ತೋರಣಗಲ್ಲಿನ ಕಾರ್ಖಾನೆಯಲ್ಲಿ ರಜೆ ಸಿಗಲಿಲ್ಲ. ವಿಡಿಯೋ ಕಾಲಿನಲ್ಲಿ ಮಾತಾಡಲಿ ಎಂದು ದೊಡ್ಡ ಬುದ್ಧಿ ಹೇಳಿದವನು ನಾನೇ. ಕಾಲ್ ಮಾಡಿದ ಹೊತ್ತಿಗೇ ಕ್ರಿಕೆಟ್ ಮ್ಯಾಚು; ಊರೆಲ್ಲ ಫೋನಿನಲ್ಲೇ ನೋಡುತ್ತಿತ್ತು. ಯಲ್ಲೇಶ್ ಏನೋ ಹೇಳಲು ಬಾಯಿ ತೆರೆದ, ಪರದೆಯ ಮೇಲೆ ಹಾಗೇ ನಿಂತುಬಿಟ್ಟ. ಕಣ್ಣು ಅರ್ಧ ಮುಚ್ಚಿತ್ತು.

ಅಕ್ಕ ಬಹಳ ಹೊತ್ತು ನೋಡಿದಳು. "ಲೇ ಜಂಬುನಾಥ, ಈ ಹುಡುಗ ಯಾವಾಗ್ಲೂ ಹಿಂಗ ಇರ್ತಾನೇನು?"

ಮರುದಿನ ಆಫೀಸಿನಲ್ಲಿ ಕೂತು ನೋಡಿದಾಗ ತಪ್ಪು ತಿಳಿಯಿತು. ರಸ್ತೆ ತುಂಬಿದರೆ ಲಾರಿ ಸಾಲಿನಲ್ಲಿ ಕಾಯುತ್ತದೆ, ಲೋಡು ಎಲ್ಲೂ ಹೋಗುವುದಿಲ್ಲ. ಲೈನು ತುಂಬಿದರೆ ಅದರ ತುದಿಯ ಮೆಷಿನ್ ಹೆಚ್ಚಾದ ಡೇಟಾವನ್ನು ಚೆಲ್ಲಿಬಿಡುತ್ತದೆ. ಕಳಿಸಿದ ಕಂಪ್ಯೂಟರು ಚೆಲ್ಲಿಹೋದದ್ದನ್ನು ಮತ್ತೆ ಕಳಿಸುತ್ತದೆ, ಗದ್ದಲ ಇನ್ನೂ ಹೆಚ್ಚುತ್ತದೆ. ನನ್ನ ಸೂತ್ರಕ್ಕೆ ಖಾಲಿ ಲೈನೂ ತುಂಬಿದ ಲೈನೂ ಒಂದೇ ಆಗಿತ್ತು. ಲೈನು ತುಂಬಿದಷ್ಟೂ ತಡ ಹೆಚ್ಚುತ್ತದೆ ಎಂಬುದನ್ನು ಸೇರಿಸಿದೆ. ಸೂತ್ರ ಒಂದಿಷ್ಟು ಡೇಟಾವನ್ನು ಕುರುಗೋಡಿನ ಲೈನಿಗೆ ತಿರುಗಿಸಿತು. ನೀವು ಬರುವ ಮೊದಲೂ ಹೆಚ್ಚುಕಡಿಮೆ ಹಾಗೇ ಇತ್ತಲ್ಲ ಎಂದರು ಮನೋಹರ್. ಹೌದು ಎನ್ನದೆ ಗತಿಯಿರಲಿಲ್ಲ.

ಆ ವಾರ ಯಲ್ಲೇಶ್ ಶಿಫ್ಟು ಮುಗಿಸಿ ಬಸ್ಸು ಹಿಡಿದು ಕಂಪ್ಲಿಗೇ ಬಂದ. ಆವತ್ತು ಏನು ಹೇಳಲು ಹೊರಟಿದ್ದಿರಿ ಎಂದು ಪಂಪಾವತಿ ಕೇಳಿದಳು.

"ನಿಮ್ಮ ಮುಖ ನಿಂತುಬಿಟ್ಟೈತ್ರೀ ಅಂತ ಹೇಳಾಕತ್ತಿದ್ದೆ," ಎಂದ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಅಕ್ಕ ನನ್ನ ಕಡೆ ನೋಡಿದಳು. ಚಹಾ ತರುತ್ತೇನೆಂದು ನಾನು ಒಳಗೆ ಹೋದೆ.